ಕೂಸಿನ ಮುಖಾಂತರ

ಎಪ್ಪತ್ತನಾಲ್ಕನೇ ಇಸವಿ, ಬೇಸಿಗೆ ಇನ್ನೂ ಕಾಲಿಡದ ಒಂದು ಬೆಳಿಗ್ಗೆ, ರಾಮಗಿರಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಸೀಟಿ ಹಾಕಿದಾಗ ನಾನು ಎಂಜಿನ್ನಿನಿಂದ ನಾಲ್ಕನೇ ಡಬ್ಬಿಯ ಬಾಗಿಲಲ್ಲಿದ್ದೆ. ಬಲಗಾಲು ಮೆಟ್ಟಿಲ ಮೇಲೆ, ಎಡಗಾಲು ಪ್ಲಾಟ್‌ಫಾರಂ ಮೇಲೆ. ಬೆನ್ನ ಹಿಂದೆ ಹತ್ತು ಮಾರು ದೂರದಲ್ಲಿ ಬೇವಿನ ಮರ, ಅದರ ಕೆಳಗೆ ಒಂದು ಕಲ್ಲುಬೆಂಚು. ಇಷ್ಟು ಖಚಿತವಾಗಿ ಹೇಳುವುದಕ್ಕೆ ನಾನು ಸರ್ವೆ ಇಲಾಖೆಯವನು ಎನ್ನುವುದು ಒಂದು ಕಾರಣ. ಚೈನು ಹಿಡಿದು, ಕಲ್ಲು ನೆಡಿಸಿ, ಬದುವಿನ ಎರಡೂ ಬದಿಗೆ ನಿಂತು ಬೈದಾಡುವ ಅಣ್ಣತಮ್ಮಂದಿರ ನಡುವೆ ಕಂಡದ್ದನ್ನು ಕಂಡ ಹಾಗೆ ಬರೆಯುವುದು ನನ್ನ ಕೆಲಸವಾಗಿತ್ತು. ಇನ್ನೊಂದು ಕಾರಣ, ಆ ಬೆಳಗಿನ ಒಂದು ಮಾತಿನ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ತಕರಾರಿದೆ.

ಅದಕ್ಕೆ ಮೊದಲು ನಡೆದದ್ದನ್ನು ಹೇಳಬೇಕು. ಮದುವೆಯಾದ ಮೊದಲ ಎರಡು ವರ್ಷ ನಾನೂ ನನ್ನ ಹೆಂಡತಿ ಗೌರಮ್ಮನೂ ಚೆನ್ನಾಗಿ ಮಾತಾಡುತ್ತಿದ್ದೆವು. ಅವಳು ತುರುವನೂರಿನವಳು. ಸಂಜೆ ನಾನು ಬಂದು ಆ ದಿನದ ಬದುವಿನ ಜಗಳವನ್ನು ವರದಿ ಮಾಡಿದರೆ, ಅವಳು ರೊಟ್ಟಿ ತಟ್ಟುತ್ತಲೇ ತೀರ್ಪು ಕೊಡುತ್ತಿದ್ದಳು. ಆ ತೀರ್ಪುಗಳು ಎಷ್ಟೋ ಸಲ ತಹಸೀಲ್ದಾರರ ತೀರ್ಪಿಗಿಂತ ಮೇಲಾಗಿದ್ದವು. ಗಂಡನ ಹೆಸರು ಹೇಳುವ ರೂಢಿ ಮಾತ್ರ ಅವಳಿಗಿರಲಿಲ್ಲ. ರೇಷನ್ ಕಾರ್ಡಿನವರು ಬಂದು ಯಜಮಾನನ ಹೆಸರು ಕೇಳಿದಾಗ ಅವಳು ಪಕ್ಕದ ಮನೆಯವರನ್ನು ಕರೆದು ಹೇಳಿಸಿದ್ದಳು. ನನ್ನನ್ನು ಕರೆಯುವುದಕ್ಕೆ "ಕೇಳಿದ್ರಾ" ಎಂದರೆ ಸಾಕಾಗಿತ್ತು.

ಮಗಳು ಹುಟ್ಟಿದಳು. ತವರಿನಲ್ಲಿ ಬಾಣಂತನ ಮುಗಿಸಿ ಐದನೇ ತಿಂಗಳಲ್ಲಿ ಗೌರಮ್ಮ ಕೂಸಿನೊಂದಿಗೆ ಬಂದಳು. ಬಂದ ವಾರದಲ್ಲೇ ನಮ್ಮ ಮನೆಯಲ್ಲಿ ಹೊಸ ಪದ್ಧತಿಯೊಂದು ಶುರುವಾಯಿತು. ಇಲಾಖೆಯಲ್ಲಿ ಯಾವ ಅರ್ಜಿಯಾದರೂ ಮೇಲಿನವರ ಮುಖಾಂತರ ಹೋಗಬೇಕಲ್ಲ, ಹಾಗೆ ಮನೆಯ ಪ್ರತಿಯೊಂದು ಮಾತೂ ಕೂಸಿನ ಮುಖಾಂತರ ಹೋಗತೊಡಗಿತು.

"ಲೇ ಕೂಸೇ, ನಿಮ್ಮಪ್ಪಗೆ ಹೇಳು, ನೀರು ಕಾದು ಅರ್ಧ ತಾಸಾತು ಅಂತ."

"ನಿಮ್ಮವ್ವಗೆ ಹೇಳವ್ವ, ಸಾರಿಗೆ ಉಪ್ಪು ಬಿದ್ದಿಲ್ಲ ಅಂತ."

"ಹೌದಾ ಕೂಸೇ? ಉಪ್ಪಿನ ಗಡಿಗೆ ಅಲ್ಲೇ ಐತೆ, ಕೈ ಇದ್ದೋರು ಹಾಕ್ಕಂತಾರೆ ಅಂತ ಹೇಳು."

ಇದನ್ನು ಅವಳು ಹೇಳುತ್ತಿದ್ದುದು ಕೂಸಿನ ಗಲ್ಲ ಹಿಡಿದು, ನಗುನಗುತ್ತ, ಬೆಲ್ಲದಂಥ ದನಿಯಲ್ಲಿ. ಅಂಥ ದನಿಯಲ್ಲಿ ಬಂದ ಬೈಗುಳಕ್ಕೆ ಸಿಟ್ಟು ಮಾಡಿಕೊಳ್ಳುವುದು ಹೇಗೆಂದು ನನಗೆ ತಿಳಿಯುತ್ತಿರಲಿಲ್ಲ. ನಾನೂ ಅದೇ ದಾರಿ ಹಿಡಿದೆ. ಕೂಸು ಎರಡೂ ಕಡೆಯ ಅಹವಾಲನ್ನು ಕೇಳಿ ಜೊಲ್ಲು ಸುರಿಸುತ್ತಿತ್ತು. ಅದು ಮಲಗಿದರೆ ಕಚೇರಿ ಮುಚ್ಚಿದ ಹಾಗೆ. ಹೇಳುವ ಮಾತಿದ್ದರೂ ಇಬ್ಬರೂ ಅದು ಏಳುವವರೆಗೆ ಕಾಯುತ್ತಿದ್ದೆವು. ಎರಡು ತಿಂಗಳಾದ ಮೇಲೆ ಒಂದು ದಿನ ಹೊಲದಲ್ಲಿ ಚೈನು ಮಡಿಸುತ್ತಿದ್ದಾಗ ನನಗೆ ಹೊಳೆಯಿತು: ನಾವಿಬ್ಬರೂ ಇಷ್ಟು ದಿನದಲ್ಲಿ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಿಲ್ಲ.

ಅಷ್ಟರಲ್ಲಿ ಅತ್ತೆಯವರ ಕಾಗದ ಬಂತು. ಕೂಸಿನ ಕಿವಿ ಚುಚ್ಚಿಸಬೇಕು, ಕರೆದುಕೊಂಡು ಬರ್ರಿ. ನಮ್ಮ ಮಗಳು ಸೊರಗಿದಂತಿದ್ದಾಳೆ, ದೀಪಾವಳಿವರೆಗೆ ಇಲ್ಲೇ ಇರಲಿ. ದೀಪಾವಳಿ ಎಂಟು ತಿಂಗಳು ದೂರವಿತ್ತು. ಗೌರಮ್ಮ ಟ್ರಂಕು ತುಂಬಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಇದ್ದ ಸೀರೆಗಳೆಲ್ಲ ಒಳಗೆ ಹೋದವು, ಚಳಿಗಾಲದ ಕಂಬಳಿಯೂ ಹೋಯಿತು. ಕಿವಿ ಚುಚ್ಚಿಸುವುದಕ್ಕೆ ಕಂಬಳಿ ಬೇಕಿಲ್ಲ.

"ಕೇಳವ್ವ," ಎಂದೆ ಕೂಸಿಗೆ, "ನಿಮ್ಮವ್ವ ನನ್ ಜೊತಿ ವಾಪಸ್ ಬರ್ತಾಳೋ, ಅಲ್ಲೇ ಇರ್ತಾಳೋ."

ಗೌರಮ್ಮ ಟ್ರಂಕಿನ ಚಿಲಕ ಹಾಕಿದಳು. ಕೂಸು ಆಕಳಿಸಿತು.

ಮಾರನೆಯ ದಿನ ಸ್ಟೇಷನ್ನಿಗೆ ಬಂದಾಗ ಕೂಸಿಗೆ ಗಾಢ ನಿದ್ದೆ. ಬೆಂಚಿನ ಬಳಿ ಶೇಂಗಾ ಮಾರುವ ಹನುಮಕ್ಕ ಕೂತಿದ್ದಳು. ಗೌರಮ್ಮ ಕೂಸನ್ನು ಅವಳ ಮಡಿಲಿಗೆ ಹಾಕಿ ನಲ್ಲಿಗೆ ನೀರು ಹಿಡಿಯಲು ಹೋದಳು. ಇದನ್ನು ನಾನು ಕಣ್ಣಾರೆ ಕಂಡೆ. ಬರುವಾಗ ಅವಳೇ ಎತ್ತಿಕೊಳ್ಳುತ್ತಾಳೆ ಎಂದು ನಾನು ತಿಳಿದೆ. ನಾನು ನೋಡುತ್ತಿದ್ದೇನೆ ಎಂಬುದನ್ನು ಅವಳೂ ಗಮನಿಸಿದ್ದಳು. ನಾನೇ ಎತ್ತಿಕೊಳ್ಳುತ್ತೇನೆ ಎಂದು ಅವಳು ತಿಳಿದಳು. ಕೇಳಬಹುದಾಗಿತ್ತು. ಆದರೆ ಮಾತು ದಾಟಿಸಬೇಕಾದದ್ದು ನಿದ್ದೆಯಲ್ಲಿತ್ತು. ಗಾಡಿ ಬಂತು. ಅವಳು ನೀರಿನ ಚೊಂಬಿನೊಂದಿಗೆ ಹಿಂದಿನ ಹೆಂಗಸರ ಡಬ್ಬಿ ಹತ್ತಿದಳು. ನಾನು ನಾಲ್ಕನೇ ಡಬ್ಬಿಗೆ ಟ್ರಂಕನ್ನು ನೂಕಿ ಮೆಟ್ಟಿಲ ಮೇಲೆ ಕಾಲಿಟ್ಟೆ. ಸೀಟಿ ಆಯಿತು. ಆಗ ಹೆಂಗಸರ ಡಬ್ಬಿಯ ಕಿಟಕಿಯಿಂದ ಗೌರಮ್ಮ ಇಣುಕಿ ನನ್ನ ಬರಿಗೈಗಳನ್ನು ನೋಡಿದಳು.

"ಲೇ ತಿಪ್ಪೇಸ್ವಾಮಿ, ಕೂಸೆಲ್ಲೋ."

ಇಡೀ ಸ್ಟೇಷನ್ನಿಗೆ ಕೇಳಿಸಿತು. ಆಮೇಲಿನ ಅರ್ಧ ನಿಮಿಷದ ಬಗ್ಗೆ ನನ್ನ ಹೇಳಿಕೆ ಅಷ್ಟು ಸ್ಪಷ್ಟವಿಲ್ಲ. ಗೌರಮ್ಮ ಇಳಿದಿದ್ದಳು. ಗಾಡಿ ನನ್ನ ಬದಿಯಿಂದಲೇ ಹೊರಟಿತು, ಟ್ರಂಕೂ ಅದರ ಜೊತೆ ಹೊರಟಿತು. ಹನುಮಕ್ಕ ಕೂಸನ್ನು ಎತ್ತಿಕೊಂಡು ಬಂದಳು.

"ತಗಳ್ರಪ್ಪ. ನಿಮ್ಗೆ ಬ್ಯಾಡಾದ್ರೆ ಮೊದ್ಲೇ ಹೇಳ್ರಿ, ನಂಗೆ ಮೂರು ಅವೆ, ಅವುಗಳ ಜೊತಿ ಇದೂ ಬೆಳೀತೈತೆ."

ಸ್ಟೇಷನ್ ಮಾಸ್ಟರು ಟ್ರಂಕು ಇಳಿಸಿಕೊಳ್ಳಿ ಎಂದು ಮುಂದೆ ಬರುವ ಚಿಕ್ಕಜಾಜೂರು ಸ್ಟೇಷನ್ನಿಗೆ ಫೋನ್ ಮಾಡಲು ಒಳಗೆ ಹೋದರು. ನಾವು ಬೆಂಚಿನ ಮೇಲೆ ಕೂತೆವು. ಕೂಸು ಎದ್ದಿರಲಿಲ್ಲ.

"ನೋಡ್ತಾ ನಿಂತಿದ್ರಲ್ಲ, ಎತ್ಕಂತೀರ ಅಂದ್ಕಂಡೆ," ಎಂದಳು ಗೌರಮ್ಮ.

"ಬಾಯಿಬಿಟ್ಟು ಹೇಳಬಾರ್ದಿತ್ತಾ?"

"ನೀವು ಕೇಳಬಾರ್ದಿತ್ತಾ?"

ನಾನು ಕೇಳಿದೆ. ಆ ಪ್ರಶ್ನೆಯನ್ನಲ್ಲ, ಇನ್ನೊಂದನ್ನು. "ಊರಿಂದ ವಾಪಸ್ ಬರ್ತೀಯಾ?"

ಅವಳು ಕೂಸಿನ ಕುಲಾವಿ ಸರಿಮಾಡಿದಳು. "ಇದನ್ನ ಕೂಸಿಗೆ ಕೇಳಿದ್ರಿ. ನನ್ನ ಕೇಳಿದ್ರೆ ನಿನ್ನೇನೇ ಹೇಳ್ತಿದ್ದೆ."

"ಏನಂತ?"

"ಬರ್ತೀನಿ ಅಂತ. ಎಂಟು ದಿನಕ್ಕೆ ನೀವೇ ಬಂದು ಕರ್ಕಂಡು ಹೋಗ್ರಿ."

ಅವಳನ್ನೂ ಕೂಸನ್ನೂ ಮುಂದಿನ ಗಾಡಿಯಲ್ಲಿ ತವರಿಗೆ ಬಿಟ್ಟು ಬಂದು, ಎಂಟು ದಿನಕ್ಕೆ ಹೋಗಿ ಕರೆದುಕೊಂಡು ಬಂದೆ. ಟ್ರಂಕೂ ಸಿಕ್ಕಿತು.

ನನ್ನ ಹೆಸರು ಹಿಡಿದು ಕೂಗಲೇ ಇಲ್ಲ ಎಂದು ಗೌರಮ್ಮ ಈಗ ಹೇಳುತ್ತಾಳೆ. ಗಂಡನ ಹೆಸರು ಕೂಗುವ ಹೆಣ್ಣು ತುರುವನೂರಿನಲ್ಲಿ ಹುಟ್ಟಿಲ್ಲವಂತೆ. ಆದ್ದರಿಂದ ಸಾಕ್ಷಿಗಳನ್ನು ಹೇಳುತ್ತೇನೆ. ಗಾರ್ಡ್ ಯಾರೋ ಗೊತ್ತಿಲ್ಲ. ಸ್ಟೇಷನ್ ಮಾಸ್ಟರು ತೀರಿಕೊಂಡರು. ಮಗಳು ಸ್ಥಳದಲ್ಲಿದ್ದರೂ ನಿದ್ದೆಯಲ್ಲಿದ್ದಳು. ಉಳಿದವಳು ಹನುಮಕ್ಕ. ಹಲ್ಲು ಹೋಗಿವೆ, ನೆನಪು ಗಟ್ಟಿಯಾಗಿದೆ. ಹೋದ ತಿಂಗಳು ಗೌರಮ್ಮನನ್ನು ಕರೆದುಕೊಂಡು ಹೋಗಿ, ಅವಳ ಎದುರಿಗೇ ಹನುಮಕ್ಕನನ್ನು ಕೇಳಿದೆ.

"ಕೂಗಿದ್ದು ದಿಟ," ಎಂದಳು ಹನುಮಕ್ಕ. "ಆದ್ರೆ ಸರ್ವೇರಪ್ಪ, ಅಷ್ಟು ಹೇಳಿದ್ಮ್ಯಾಲೆ ಮಿಕ್ಕಿದ್ದೂ ಹೇಳ್ಬೇಕು. ಈಯಮ್ಮ ಕೂಗಿದ್ದು ಕೂಸು ಎಲ್ಲಿ ಅಂತ. ನೀವು 'ಬಂದೆ' ಅಂತ ಓಡಿದ್ದು ಈಯಮ್ಮನ ಕಡೀಗೆ. ಕೂಸು ನನ್ ಮಡ್ಲಾಗೇ ಇತ್ತು."