ಬ್ಯಾಡಗಿಯ ತೊಟ್ಟಿಲು, ನನ್ನ ಡಬ್ಬಿ

ರಾಣೆಬೆನ್ನೂರಿನ ಬೀಜದ ಅಂಗಡಿಯೊಂದರ ಕೌಂಟರಿನಲ್ಲಿ ನಿಲ್ಲುವ ನಾನು ತಾಳ್ಮೆಯ ಮನುಷ್ಯ. ನನ್ನ ಹಳೆಯ ಲ್ಯಾಪ್‌ಟಾಪು ತೆರೆದುಕೊಳ್ಳುವಷ್ಟರಲ್ಲಿ ಚಹಾ ಆರುತ್ತಿತ್ತು. ವಿಡಿಯೊ ನೋಡಿ ನೋಡಿ ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯನ್ನು ನಾನೇ ಹಾಕಿದೆ. ಅದು ಓಡತೊಡಗಿತು. ಕೆಟ್ಟದ್ದೇ ಅಲ್ಲಿ.

ಆಗ ಹೆಂಡತಿ ಸುಮಿತ್ರಾ ಅಂಗಳದಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಅದೇ ವೇಳೆಗೆ ಬ್ಯಾಡಗಿಯಲ್ಲಿ ಅವಳ ತಮ್ಮ ಈರಣ್ಣನ ಮಗಳಿಗೆ ಹೆಸರಿಡುವ ಕಾರ್ಯ ಬಂತು. ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವುದು ಸೋದರತ್ತೆಯ ಹಕ್ಕು. ಇದ್ದೊಬ್ಬ ಸೋದರತ್ತೆ ಇವಳೇ. ಹೆಸರು ಆರಿಸಿಟ್ಟಿದ್ದಳು. ಕೂಸಿಗಿಂತ ಮೊದಲು ಯಾರೂ ಕೇಳಬಾರದೆಂದು ನನಗೂ ಹೇಳಿರಲಿಲ್ಲ.

“ನನ್ನ ಫೋನಿನ್ಯಾಗ ವಿಡಿಯೊ ಕಾಲ್ ಹಚ್ಚಿದ್ರ ಮುಗೀತಲ್ರಿ,” ಎಂದಳು.

“ಅಂಗೈಯಷ್ಟ ಫೋನಿನ್ಯಾಗ ಕೂಸು ಏನ್ ಕಾಣಸ್ತೈತಿ? ಲ್ಯಾಪ್‌ಟಾಪಿನ್ಯಾಗ ತೋರಸ್ತೇನಿ, ಸುಮ್ನಿರು.”

ಫೋನಿನ ಆಪ್‌ಗಳನ್ನು ಲಿನಕ್ಸಿನೊಳಗೆ ಓಡಿಸಲು ಕಂಟೇನರ್ ಎಂಬುದೊಂದಿದೆ. ಅವಳಿಗೆ ತಿಳಿಯುವಂತೆ ವಿವರಿಸಿದೆ: “ನೀ ಖಾರದಪುಡಿ ಬ್ಯಾರೆ ಡಬ್ಬ್ಯಾಗ ಇಡ್ತಿಯಲ್ಲ, ಘಾಟು ಹೊರಗ ಬರಬಾರದಂತ? ಹಂಗ.”

“ಮುಚ್ಚಳಾ ಬಿಗಿ ಹಾಕಿದ್ರ ನನ್ನ ದನಿನೂ ಹೊರಗ ಬರಂಗಿಲ್ಲ ನೋಡ್ರಿ.”

ನಾನು ನಕ್ಕೆ.

ಕಾರ್ಯದ ದಿನ ಬೆಳಿಗ್ಗೆ ಅವಳ ವಿಡಿಯೊ ಕಾಲಿನ ಖಾತೆಯನ್ನು ಲ್ಯಾಪ್‌ಟಾಪಿನ ಆ ಡಬ್ಬಿಯೊಳಗೆ ತೆರೆದೆ. ಕೂಡಲೇ ಅವಳ ಫೋನಿನಲ್ಲಿ ಅದು ಮುಚ್ಚಿಕೊಂಡಿತು. ಇರಲಿ ಎಂದೆ. ಆಪಿಗೆ ಕ್ಯಾಮೆರಾ ಕೊಡಲೇ, ಮೈಕು ಕೊಡಲೇ, ಸ್ಪೀಕರು ಕೊಡಲೇ ಎಂದು ಡಬ್ಬಿ ಅನುಮತಿ ಕೇಳಿತು. ಕೇಳಿದವರಿಗೆಲ್ಲ ಅನುಮತಿ ಕೊಡಬಾರದೆಂದು ಯಾವುದೋ ವಿಡಿಯೊದಲ್ಲಿ ಕಲಿತಿದ್ದೆನಲ್ಲ, ಎಲ್ಲದಕ್ಕೂ ‘ಬೇಡ’ ಒತ್ತಿದೆ. ಶುಭಗಳಿಗೆಯಲ್ಲಿ ಯಾರೂ ಬೀಜದ ದರ ಕೇಳಬಾರದೆಂದು ನನ್ನ ಬಟನ್ ಫೋನನ್ನೂ ಅವಳ ಫೋನನ್ನೂ ಸೈಲೆಂಟ್ ಮಾಡಿ ದೇವರ ಗೂಡಿನಲ್ಲಿಟ್ಟೆ. ಇಷ್ಟು ಮುಂದಾಲೋಚನೆ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ!

ಪರದೆಯ ಮೇಲೆ ಬ್ಯಾಡಗಿ ಬಂತು. ಸಿಂಗರಿಸಿದ ತೊಟ್ಟಿಲು, ಹೊಸ ಕುಲಾವಿಯ ಕೂಸು. ಸುಮಿತ್ರಾ ಇಳಕಲ್ ಸೀರೆ ಉಟ್ಟು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದಳು. ಅತ್ತ ಈರಣ್ಣ ಎರಡೂ ಕೈ ಬೀಸಿದ.

“ನಮ್ಮನ್ನ ನೋಡಿ ಎಷ್ಟ್ ಖುಷಿ ಆಗ್ಯಾನ ನೋಡು,” ಎಂದೆ.

“ಅವನ ಮಾರಿ ಹಂಗ ಕಾಣವಲ್ದು. ದನಿ ಯಾಕ ಬರವಲ್ದು?”

“ಮುಹೂರ್ತ ಐತಲ್ಲ, ಎಲ್ಲಾರೂ ಸುಮ್ನ ನಿಂತಾರ.”

ಈರಣ್ಣ ಹೆಬ್ಬೆರಳು, ಕಿರುಬೆರಳು ಚಾಚಿ ಕೈಯನ್ನು ಕಿವಿಗೆ ಹಿಡಿದು ತೋರಿಸಿದ. ಮತ್ತೆ ಮತ್ತೆ ತೋರಿಸಿದ.

“ಕಿವಿ ತೋರ್ಸಾಕತ್ತಾನ. ಕೂಸಿನ ಕಿವಿಗೆ ಹೇಳು ಅಂತ. ಲಗೂ ಹೇಳು.”

ಅವಳು ತಲೆ ಮೇಲೆ ಸೆರಗು ಹೊದ್ದು, ನನಗೆ ಕೇಳದಂತೆ ಬಾಯಿಗೆ ಕೈ ಅಡ್ಡ ಹಿಡಿದು, ಲ್ಯಾಪ್‌ಟಾಪಿಗೆ ಬಾಗಿ ‘ಕುರ್ರ್’ ಎಂದಳು. ಹೆಸರು ಉಸುರಿದಳು. ಕಣ್ಣು ತುಂಬಿದ್ದವು.

ತಲೆಯೆತ್ತಿದರೆ, ಪರದೆಯಲ್ಲಿ ಅವಳ ದೊಡ್ಡಪ್ಪನ ಮಗಳು ತೊಟ್ಟಿಲಿಗೆ ಬಾಗಿದ್ದಳು. ಹೆಂಗಸರು ವಾಡಿಕೆಯಂತೆ ಆಕೆಯ ಬೆನ್ನಿಗೆ ಗುದ್ದಿ ನಗುತ್ತಿದ್ದರು. ಆ ಗುದ್ದು ಸುಮಿತ್ರಾಳ ಬೆನ್ನಿಗೆ ಸಲ್ಲಬೇಕಾಗಿತ್ತು.

ದೇವರ ಗೂಡಿನಲ್ಲಿ ಎರಡೂ ಫೋನಿನ ತುಂಬ ಈರಣ್ಣನ ಕರೆಗಳು. ತಿರುಗಿ ಮಾಡಿದೆ.

“ಮಾಮಾ, ನಮಗ ನೀವು ಕಾಣಲೂ ಇಲ್ಲ, ನಿಮ್ಮ ದನಿ ಕೇಳಲೂ ಇಲ್ಲ. ಫೋನ್ ಹಚ್ರಿ ಅಂತ ಕೈ ಮಾಡಿ ಮಾಡಿ ಸೋತೆ. ಹೆಸರು ಹೇಳೂದು ಕಿವ್ಯಾಗ. ಅದಕ್ಕ ಮಾರಿ ಯಾಕ ಬೇಕಿತ್ರಿ? ನಿಮ್ಮ ಬಟನ್ ಫೋನ್ ಸಾಕಾಗಿತ್ತು. ಮುಹೂರ್ತ ಮೀರಾಕತ್ತಿತ್ತು, ನಾ ಏನ್ ಮಾಡ್ಲಿ?”

ಕೂಸಿಗೆ ಈಗ ಬೇರೆ ಹೆಸರು. ಚೆಂದದ ಹೆಸರೇ. ಸುಮಿತ್ರಾಳೂ ಹಾಗೇ ಅನ್ನುತ್ತಾಳೆ, ನನ್ನ ಕಡೆ ನೋಡದೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ದಿನ ಅವಳು ರೊಟ್ಟಿ ಬಡಿಯುವಾಗ ಮೆಲ್ಲಗೆ ಕೇಳಿದೆ, “ನೀ ಇಡಬೇಕಂದಿದ್ದ ಹೆಸರು ಯಾವ್ದು?”

“ನಿಮ್ಮ ಡಬ್ಬಿಗೆ ಹೇಳೇನಲ್ರಿ. ಅದನ್ನ ಕೇಳ್ರಿ.”

ಕೇಳಬಹುದಿತ್ತು. ಆದರೆ ಅದು ಮೈಕಿನ ಕಿವಿ ಬೇಕೇ ಎಂದು ಕೇಳಿದಾಗ ‘ಬೇಡ’ ಒತ್ತಿದವನು ನಾನೇ.