ನಮ್ಮಣ್ಣ ಪಡಸಾಲೆಯಲ್ಲಿ ನಡೆಸಿದ ಯುದ್ಧ

ಆಗ ನನಗೆ ಹದಿಮೂರು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಆ ದೊಡ್ಡ ಯುದ್ಧವನ್ನು ಜರ್ಮನಿಯವರು ನಡೆಸಿದರು, ಇಂಗ್ಲಿಷರು ನಡೆಸಿದರು ಎಂದು ಓದಿದವರು ಹೇಳುತ್ತಾರೆ. ಸುಳ್ಳು! ನಡೆಸಿದವನು ನಮ್ಮಣ್ಣ. ಸವಣೂರಿನಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ಬರಿಗಾಲಲ್ಲಿ.

ಮನೆಯಲ್ಲಿ ಇದ್ದವರು ಅವ್ವ, ಅವನು, ನಾನು. ಅಪ್ಪ ಸತ್ತಿದ್ದ. ವೀಳ್ಯದ ಎಲೆಬಳ್ಳಿಯ ತೋಟವಿತ್ತು, ಇಪ್ಪತ್ತು ವರ್ಷದ ಅಣ್ಣ ಅದನ್ನು ನೋಡಿಕೊಳ್ಳಬೇಕು. ಅವನು ನೋಡಿಕೊಂಡದ್ದು ಯುರೋಪನ್ನು. ಹುಬ್ಬಳ್ಳಿಗೆ ಎಲೆ ತುಂಬಿ ಕಳಿಸಿದ ಬುಟ್ಟಿಗಳು ಮರಳಿ ಬರುವಾಗ ತಳದಲ್ಲಿ ಹಳೆಯ ಪೇಪರು ಇರುತ್ತಿತ್ತು. ಒದ್ದೆಯಾದ ಆ ಪೇಪರನ್ನು ಮಾಳಿಗೆಯ ಮೇಲೆ ಒಣಹಾಕಿ ಓದುತ್ತಿದ್ದ. ಹೀಗಾಗಿ ಒಂದು ಊರು ಬಿದ್ದು ಎಂಟು ದಿನವಾದ ಮೇಲೆ ಅದನ್ನು ಉಳಿಸುವ ಉಪಾಯ ಅವನಿಗೆ ಹೊಳೆಯುತ್ತಿತ್ತು!

ಎಲೆಗೆ ಹಚ್ಚುವ ಸುಣ್ಣದಿಂದ ಪಡಸಾಲೆಯ ನೆಲದ ಮೇಲೆ ಇಡೀ ಜಗತ್ತನ್ನು, ದೇಶಗಳ ಹೆಸರು ಸಮೇತ, ಬರೆದಿದ್ದ. ಅಡಿಕೆಗಳೇ ಸೈನ್ಯದ ಪಲ್ಟನ್ನು. ಒಂದು ದಿನ ಊಟವಾದ ಮೇಲೆ ಅವ್ವ ಕೈಗೆ ಸಿಕ್ಕ ಎರಡು ಅಡಿಕೆ ಎತ್ತಿ ಬಾಯಿಗೆ ಹಾಕಿಕೊಂಡಳು.

"ಎವ್ವಾ! ಅದು ಜರ್ಮನಿ ಪಲ್ಟನ್ ಐತಿ!"

"ಇರ್ಲಿ ತಗೋ. ನಿನ್ನ ಪಲ್ಟನ್ ಭಾಳ ಗಟ್ಟಿ ಐತಿ, ನನ್ನ ಹಲ್ಲ ಹೋಗೂದೊಂದು ಬಾಕಿ."

ಜರ್ಮನಿಯನ್ನು ಮೊದಲು ಅಗಿದು ಉಗುಳಿದವಳು ನಮ್ಮವ್ವ. ಇದನ್ನು ಯಾವ ಪುಸ್ತಕದಲ್ಲಿ ಬರೆದಿದ್ದಾರೆ?

ಸಂಜೆಯಾದರೆ ಮಠದ ಓಣಿಯ ಹುಡುಗರು, ಮಸೂತಿ ಓಣಿಯ ಹುಡುಗರು ಬಂದು ಜಗತ್ತಿನ ಸುತ್ತ ಕೂಡುತ್ತಿದ್ದರು. ಕೈರೋಗೆ ಯಾವ ದಾರಿ, ಹಡಗು ಎಲ್ಲಿ ನಿಲ್ಲುತ್ತದೆ, ಎಲ್ಲವನ್ನೂ ಅಣ್ಣ ಬಾಯಿಪಾಠ ಒಪ್ಪಿಸುತ್ತಿದ್ದ. ಇದೇ ಮನುಷ್ಯ ಹಂಸಭಾವಿಗೆ ಮದುವೆಗೆಂದು ಹೊರಟು, ದಾರಿ ತಪ್ಪಿ ಹಿರೇಕೆರೂರಿನ ಆಚೆ ಹೋಗಿ, ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದ ಮರುದಿನ ಮುಟ್ಟಿದ್ದ!

ಒಮ್ಮೆ ಮಸೂತಿ ಓಣಿಯ ಗೆಳೆಯ ಕೇಳಿದ: "ಮಕ್ಕಾ ಎಲ್ಲಿ ಬರ್ತೈತೋ?" ಅಣ್ಣ ಹುಡುಕಿದ. ಮಕ್ಕಾ ಹೋಗಿ ಬೀಸುವ ಕಲ್ಲಿನ ಅಡಿಗೆ ಬಿದ್ದಿತ್ತು. ಹುಡುಗನ ಮುಖ ಸಣ್ಣದಾಯಿತು. ಯಾರು ಹೇಳಿದರೂ ಕಲ್ಲನ್ನು ಅಲುಗಿಸದ ಅವ್ವ ಅಂದು ಎದ್ದು ಬಂದು ಒಂದು ಮೊಳ ಅತ್ತ ಸರಿಸಿದಳು.

ದೇವರನ್ನೂ ಅಣ್ಣ ಬಿಡಲಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತವನು ಒಂದೇ ಕಣ್ಣು ತೆರೆದು ಕೇಳುತ್ತಿದ್ದ: "ಎವ್ವಾ, ನಮ್ಮನ್ನ ಗೆಲ್ಸಪಾ ಅಂತ ಜರ್ಮನಿಯವ್ರೂ ಬೇಡ್ತಾರ, ಇಂಗ್ಲಿಷರೂ ಬೇಡ್ತಾರ. ದೇವ್ರು ಯಾರ ಮಾತು ಕೇಳ್ಬೇಕು?"

"ಅವನ ಚಿಂತಿ ಅವಾ ಮಾಡ್ಲಿ. ನೀ ನನ್ನ ಮಾತು ಕೇಳು. ರೊಟ್ಟಿ ಆರಾಕತ್ತಾವ, ತಿಂದು ತೋಟಕ್ಕ ನಡಿ."

ನಗುತ್ತೀರಿ. ಆ ನೆಲಕ್ಕೆ ದಿನಾ ಸಗಣಿ ಸಾರಿಸುತ್ತಿದ್ದವಳು ನಾನು. ಜಗತ್ತಿನ ಅಂಚಿನಲ್ಲಿ ಮೊಣಕಾಲೂರಿ, ಸಮುದ್ರ ಎಲ್ಲಿ ಮುಗಿಯಿತು, ದೇಶ ಎಲ್ಲಿ ಶುರುವಾಯಿತು ಎಂದು ನೋಡುತ್ತ ಕೈ ಎಳೆಯಬೇಕಿತ್ತು. ಒಂದು ಮುಂಜಾನೆ ಇಟಲಿ ನನ್ನ ಅಂಗೈಗೆ ಹತ್ತಿ ಹೋಗಿಬಿಟ್ಟಿತು. ಅಣ್ಣ ಬೈದ. ಆಮೇಲೆ, ಮತ್ತೆ ಹಾಗೆ ಆಗದಿರಲಿ ಎಂದು, ದೇಶಗಳ ಹೆಸರು ಓದುವುದನ್ನು ಕಲಿಸಿದ. ಹೆಣ್ಣಿಗೆ ಸಾಲೆ ಯಾಕೆ ಎನ್ನುವ ಕಾಲ ಅದು. ನನ್ನ ಹೆಸರು ಓದಲು ಬರುವ ಮೊದಲು ನನಗೆ ಈಜಿಪ್ತು ಬಂತು, ಬರ್ಮಾ ಬಂತು. ಇವತ್ತು ಇದನ್ನು ಬರೆಯುತ್ತಿರುವ ಅಕ್ಷರಗಳೂ ಅಲ್ಲಿಂದಲೇ ಎದ್ದು ಬಂದವು. ಬೇರೆ ಸಾಲೆ ನಾನು ಕಂಡಿಲ್ಲ.

"ಇದು ನಮ್ಮ ಜಗಳ ಅಲ್ಲ" ಎಂದು ಎರಡು ವರ್ಷ ಗೆಳೆಯರೊಂದಿಗೆ ವಾದ ಮಾಡಿದ ಅಣ್ಣ, ಒಂದು ದಿನ ಹಾವೇರಿಗೆ ಹೋಗಿ ಪಲ್ಟನ್ನಿಗೆ ಹೆಸರು ಕೊಟ್ಟು ಬಂದ.

ಅವ್ವ ಕೇಳಿದಳು: "ಯಾರ ಜಗಳಕ್ಕ ಹೊಂಟೀಯೋ?"

"ಜಗಳ ಅವರ್ದ, ಖರೆ. ಆದ್ರ ಹಡಗಿನ ಟಿಕೀಟು ಪುಕ್ಕಟ ಐತಿ ಬೇ! ಜಗತ್ತ ನೋಡಿ ಬರ್ತೇನಿ."

ಪುಕ್ಕಟೆ ಟಿಕೀಟು ಹೋಗುವುದಕ್ಕಷ್ಟೇ ಇತ್ತು. ಜಾಣ! ಎಲ್ಲ ಓದಿದ್ದ, ಅದೊಂದನ್ನು ಓದಿರಲಿಲ್ಲ.

ಹೊರಡುವಾಗ ಒಂದು ಅಡಿಕೆ ನನ್ನ ಕೈಯಲ್ಲಿಟ್ಟ. "ಕಾಗದದಾಗ ದೇಶದ ಹೆಸರು ದಪ್ಪ ಅಕ್ಷರದಾಗ ಬರೀತೇನಿ. ನೀನ ಓದಬೇಕು. ಓದಿ, ಆ ದೇಶದ ಮ್ಯಾಲ ಇದನ್ನ ಇಡು. ಅಣ್ಣ ಇಲ್ಲಿ ಅದಾನ ಅಂತ ಅವ್ವಗ ಗೊತ್ತಾಗ್ಲಿ."

"ನಾ ಇಡೂದಿಲ್ಲ. ನೀ ಹ್ವಾದ ಮರುದಿನಾನ ನಿನ್ನ ಜಗತ್ತೆಲ್ಲ ಸಾರಿಸಿ ಒಗೀತೇನಿ."

"ಸಾರಿಸು ನೋಡೋಣು" ಎಂದು ನಕ್ಕು ಹೋದ. ಮುಂದೆ ನೋಡುತ್ತಲೇ ಹೋದ, ಹಿಂತಿರುಗಿ ನೋಡುವ ಚಾಳಿ ಅವನಿಗಿರಲಿಲ್ಲ.

ಏಳು ತಿಂಗಳಿಗೆ ಕಾಗದ ಬಂತು. ಓಣಿಯವರ ಕಾಗದ ಓದಿಕೊಡುತ್ತಿದ್ದ ಮಠದ ಅಯ್ಯನವರು ಓದಲು ಕೈ ಚಾಚಿದರು, ನಾನು ಕೊಡಲಿಲ್ಲ. ದಪ್ಪ ಅಕ್ಷರ ಹುಡುಕಿದೆ. ಆ ಜಾಗದಲ್ಲಿ ಕರೀ ಮಸಿ ಬಳಿದಿದ್ದರು. ಬೆಳಕಿಗೆ ಹಿಡಿದೆ, ತಿರುವಿ ಹಿಡಿದೆ, ಏನೂ ಕಾಣಲಿಲ್ಲ.

"ಪಲ್ಟನ್ ಎಲ್ಲೈತಿ ಅಂತ ಯಾರಿಗೂ ತಿಳೀಬಾರದಂತ ಸರಕಾರದವ್ರು ಹಂಗ ಮಾಡ್ತಾರವಾ" ಎಂದರು ಅಯ್ಯನವರು. ಉಳಿದದ್ದನ್ನು ಅವರು ಓದಿದರು: ಕ್ಷೇಮ, ಊಟ ಸಪ್ಪೆ, ಅವ್ವನಿಗೆ ನಮಸ್ಕಾರ. ಆ ಕಾಗದದಲ್ಲಿ ನನಗೆ ಓದಲು ಬರುತ್ತಿದ್ದುದು ಒಂದೇ ಮಾತು, ದೇಶದ ಹೆಸರು. ಅದರ ಮೇಲೇ ಮಸಿ!

ಅದೇ ಮೊದಲನೆಯ ಕಾಗದ. ಕಡೆಯದೂ ಅದೇ ಎಂದು ಆಗ ಗೊತ್ತಿರಲಿಲ್ಲ.

ಸಂಜೆ ಅವ್ವ ಹೇಳಿದಳು: "ನಾಳಿಗೆ ಎಲ್ಲಾ ಸಾರಿಸಿಬಿಡು. ನನಗ ನೋಡಾಕ ಆಗವಲ್ದು."

ಮರುದಿನ ಬೆಳಗಾಗುತ್ತಲೇ ಸಗಣಿ ಕಲಸಿದೆ. ಬಾಗಿಲಿನಿಂದ ಸಾರಿಸುತ್ತ ಬಂದೆ. ಬರ್ಮಾದ ಹತ್ತಿರ ಕೈ ನಿಂತಿತು. ಅಲ್ಲಿದ್ದರೆ? ಈಜಿಪ್ತಿನ ಕಡೆ ತಿರುಗಿದೆ. ಅಲ್ಲಿದ್ದರೆ? ಜಗತ್ತನ್ನು ಬಿಟ್ಟು ಉಳಿದ ನೆಲವನ್ನೆಲ್ಲ ಸಾರಿಸಿದೆ. ಮಾಸಿದ ಗೆರೆಗಳಿಗೆ ಸುಣ್ಣ ಎಳೆದೆ. ಅವನು ಕೊಟ್ಟ ಅಡಿಕೆಯ ಜತೆಗೆ ಮನೆಯಲ್ಲಿದ್ದ ಅಡಿಕೆಯನ್ನೆಲ್ಲ ತಂದು, ದೇಶಕ್ಕೊಂದರಂತೆ ಇಡುತ್ತ ಹೋದೆ. ಸಾಲಲಿಲ್ಲ. ಅವ್ವ ಬಂದು ನಿಂತು ನೋಡಿದಳು. ಸೊಂಟದ ಚಂಚಿ ಬಿಚ್ಚಿ, ತಾನು ತಿನ್ನಲು ಇಟ್ಟುಕೊಂಡ ಅಡಿಕೆಯನ್ನು ನನ್ನ ಮುಂದೆ ಸುರುವಿದಳು. ಅವನ್ನೂ ಇಟ್ಟೆ.