ಮೂರು ಕಾಪಿ, ಒಂದು ನಗು

ಕುಂದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನನ್ನು ದಿನಕ್ಕೊಬ್ಬರಾದರೂ ಕೇಳುತ್ತಾರೆ: ಬ್ಯಾಕಪ್ ಎಷ್ಟು ಇಡಬೇಕು, ಎಷ್ಟು ವರ್ಷ ಇಡಬೇಕು? ಫ್ಲಾಪಿ ಕಾಲದಿಂದಲೂ ನನ್ನ ಉತ್ತರ ಒಂದೇ. ಮೂರು ಕಾಪಿ, ಮೂರು ಕಡೆ, ಬದುಕಿರುವವರೆಗೆ. ಎಲ್ಲರೂ ತಲೆಯಾಡಿಸುತ್ತಾರೆ. ಆ ತಲೆಯೊಳಗೆ ಏನಿತ್ತೆಂಬುದು ಡಿಸ್ಕ್ ಸತ್ತ ಮೇಲೆ ಗೊತ್ತಾಗುತ್ತದೆ.

೧. ಒಂದೇ ದೋಣಿ

ಹೆಮ್ಮಾಡಿಯಲ್ಲಿ ಮದುವೆ ಕಾಗದ ಅಚ್ಚು ಹಾಕುವವರಿಗೆ ನಾನು ಮಾರಿದ್ದ ಡಿಸ್ಕ್ ಕೆಟ್ಟಿತು.

"ಮೂರ್ ಕಾಪಿ ಇಟ್ಟಿದ್ರ್ಯಾ?" ಎಂದೆ.

"ಇಟ್ಟಿದ್ದೆ ಮಾರಾಯ್ರೆ, ನೀವ್ ಹೇಳ್ದಂಗೇ."

ಮೂರೂ ಅದೇ ಡಿಸ್ಕಿನಲ್ಲಿ, ಮೂರು ಫೋಲ್ಡರುಗಳಲ್ಲಿ! ನನಗೆ ಪಿತ್ತ ನೆತ್ತಿಗೇರಿತು. "ಒಂದೇ ದೋಣಿಲಿ ಮೂರ್ ಜನ ಕೂತ್ರೆ, ಮುಳುಗುವತಿಗೆ ಮೂರೂ ಜನ ಹೋಪುದೇ ಅಲ್ದಾ?"

ಅವರು ತಣ್ಣಗೆ ಹೇಳಿದರು: "ದೋಣಿ ಕೊಟ್ಟದ್ದ್ ನೀವೇ ಅಲ್ದಾ?"

೨. ಪೂಜೆಯ ಪ್ರತಾಪ

ಬೈಂದೂರಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಮೇಡಂ ಸ್ವಲ್ಪ ಬುದ್ಧಿವಂತರು. ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಸೀಡಿಗೆ ಹಾಕಿ, ಮೂರು ಸೆಟ್ ಮಾಡಿಟ್ಟಿದ್ದರು. ಒಂದು ಸೀಡಿಯೂ ಓದುತ್ತಿಲ್ಲವೆಂದು ಕರೆಸಿದರು. ನೋಡಿದರೆ, ಆಯುಧ ಪೂಜೆಯ ದಿನ ಮೂರೂ ಸೆಟ್ಟನ್ನು ಸಾಲಾಗಿಟ್ಟು, ಹೊಳೆಯುವ ಬದಿಗೇ ಗಂಧ ಕುಂಕುಮ ಹಚ್ಚಿದ್ದಾರೆ. ಒಣಗಿದ್ದನ್ನು ತೆಂಗಿನ ನಾರಿನಲ್ಲಿ ಉಜ್ಜಿದ್ದಾರೆ ಬೇರೆ.

"ಈ ಬದಿಗ್ ಎಂತಕ್ಕೆ ಹಚ್ಚಿದ್ರಿ?"

"ಆ ಬದಿಗ್ ಹಚ್ರೆ ಬರ್ದ ಹೆಸ್ರ್ ಅಳ್ಸಿ ಹೋತಿಲ್ಯಾ?"

೩. ತೊಟ್ಟಿಲವರೆಗೆ

ಇಷ್ಟು ಹೊತ್ತು ಬೇರೆಯವರನ್ನು ಆಡಿಕೊಂಡದ್ದಾಯಿತು. ಈಗ ನನ್ನ ಮದುವೆಯ ಫೋಟೋಗಳ ಕಥೆ. ನನ್ನಪ್ಪ ನಗುವವರಲ್ಲ. ನನ್ನ ಮದುವೆಯಲ್ಲಿ ಮಾತ್ರ, ಯಾಕೋ ದೇವರಿಗೇ ಗೊತ್ತು, ಬಾಯಿ ತುಂಬಾ ನಕ್ಕರು. ಆ ನಗು ಫೋಟೋದಲ್ಲಿ ಬಿದ್ದಿತ್ತು. ಮೂರು ಕಾಪಿ ಮಾಡಿಸಿದೆ: ಒಂದು ಕುಂದಾಪುರದ ಸ್ಟುಡಿಯೋದಲ್ಲಿ, ಒಂದು ನನ್ನ ಕಂಪ್ಯೂಟರಿನಲ್ಲಿ, ಇನ್ನೊಂದು ಸೀಡಿಯಾಗಿ ಕೊಕ್ಕರ್ಣೆಯ ಅತ್ತೆ ಮನೆಯಲ್ಲಿ, ಹೆಂಡತಿಯ ತವರಿನಲ್ಲಿ. ಆಲ್ಬಮ್ ಮಾಡಿಸಲಿಲ್ಲ; ಕಂಪ್ಯೂಟರಿನವನಿಗೆ ಕಾಗದ ಯಾಕೆ!

ಕೆಲವು ವರ್ಷದ ಮೇಲೆ ಅಪ್ಪ ಹೋದರು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಗೆ, ಹಾರ ಹಾಕಿಡಲು ಫೋಟೋ ಬೇಕು. ಇದ್ದದ್ದು ವೋಟರ್ ಕಾರ್ಡಿನ ಮುಖ ಒಂದೇ. ಅದನ್ನಿಟ್ಟರೆ ಬಂದವರು ಹೆದರುತ್ತಾರೆ. ನನ್ನ ಕಂಪ್ಯೂಟರಿನ ಕಾಪಿಯನ್ನು ಅಳಿಸಿ, ಡಿಸ್ಕನ್ನು ಗಿರಾಕಿಯೊಬ್ಬರಿಗೆ ಹಾಕಿಕೊಟ್ಟವನು ನಾನೇ. ಸ್ಟುಡಿಯೋದಲ್ಲಿ ಇದೆಯಲ್ಲ ಎಂಬ ಧೈರ್ಯ ನೋಡಿ!

ಸ್ಟುಡಿಯೋಕ್ಕೆ ಓಡಿದೆ. ಮಾಲೀಕರು ಹೇಳಿದರು: "ಮದಿ ಫೋಟೋ ನಾವ್ ಮಗಿಗ್ ಹೆಸ್ರಿಡುವವರೆಗೆ ಮಾತ್ರ ಇಡೂದ್. ಆ ಫೋಟೋ ತೆಗುಕೆ ನಮ್ಮನ್ನೇ ಕರಿತ್ರಲೆ, ಅದ್ಕೆ."

"ನಾನ್ ಕರಿಲಿಲ್ಲ ಅಲ್ದಾ?"

"ಹೌದ್. ಬ್ರಹ್ಮಾವರದವ್ರನ್ನ ಕರ್ದದ್ದ್ ಗೊತ್ತಾಯ್ತ್. ಮರುದಿನವೇ ಅಳ್ಸಿದೆ."

೪. ಗಿಳಿಗೂ ಗೊತ್ತು

ಉಳಿದದ್ದು ಕೊಕ್ಕರ್ಣೆ. ಬಸ್ಸಿಳಿದು ಅತ್ತೆಯ ಅಂಗಳಕ್ಕೆ ಕಾಲಿಟ್ಟೆ. ಅಲಸಂಡೆ ಚಪ್ಪರದ ಮೇಲೆ, ದಾರದಲ್ಲಿ ನೇತಾಡುತ್ತ, ನನ್ನ ಮದುವೆ ಮಿರಮಿರ ಮಿಂಚುತ್ತಿತ್ತು. ಬಿಚ್ಚಿ ನೋಡಿದರೆ ಬಿಸಿಲಿಗೆ ಸೀಡಿಯ ಸಿಪ್ಪೆ ಎದ್ದು ಹೋಗಿದೆ.

"ಅತ್ತೆ, ಇದ್ ಬ್ಯಾಕಪ್! ಹಕ್ಕಿ ಓಡ್ಸುಕೆ ಕೊಟ್ಟದ್ದಾ?"

"ಲಾಯ್ಕ್ ಬ್ಯಾಕಪ್ಪೇ ಮಾರಾಯ್ರೆ. ಎರಡ್ ವರ್ಷ ಒಂದ್ ಗಿಳಿಯೂ ಬರ್ಲಿಲ್ಲ."

ನಾನು ಜಗಲಿಯಲ್ಲಿ ಕುಳಿತೆ. ಅಪ್ಪನ ನಗು ಹೋಯಿತು ಎಂದೆ. ಅತ್ತೆ ಒಳಗೆ ಹೋಗಿ, ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗಿಂದ ಒಂದು ಫೋಟೋ ತಂದುಕೊಟ್ಟರು. ಅಪ್ಪ, ಬಾಯಿ ತುಂಬಾ ನಗುತ್ತಿದ್ದರು.

"ಆ ಮನ್ಷ ನೆಗ್ಯಾಡೂದ್ ಇನ್ನೊಂದ್ ಸಲ ಕಾಂಬುಕ್ ಸಿಕ್ಕತ್ತಾ ಅಂದೇಳಿ, ಮದಿ ಆದ ವಾರವೇ ಪ್ರಿಂಟ್ ತೆಗ್ಸಿ ಇಟ್ಟಿದ್ದೆ."

ಕಣ್ಣೊರೆಸಿಕೊಂಡೆ. ಆದರೂ ಹುಟ್ಟುಗುಣ ಬಿಡಬೇಕಲ್ಲ? "ಎಷ್ಟ್ ಕಾಪಿ ತೆಗ್ಸಿದ್ರಿ?" ಎಂದೆ.

"ಒಂದೇ," ಎಂದರು ಅತ್ತೆ. "ನಂಗೆ ಕಂಪ್ಯೂಟರ್ ಬತ್ತಿಲ್ಲ ಕಾಣಿ, ಹಾಂಗಾಯಿ ಒಂದೇ ಸಾಕಾಯ್ತ್."